ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲಿ ಅಗ್ನಿಶಾಮಕ ಪರೀಕ್ಷೆಗೆ ಹೇಗೆ ಸಿದ್ಧನಾಗಲಿ?

ಬೈತಕೋಲದ ಹುಡುಗ · ಮೇ 24

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಬೈತಕೋಲದವನು. ಪಿಯುಸಿ ವಿಜ್ಞಾನ ಮುಗಿಸಿ ಮೂರು ವರ್ಷವಾಯಿತು. ಅಪ್ಪನ ಕಾಲಿಗೆ ಪೆಟ್ಟಾದಂದಿನಿಂದ ಮನೆಯ ಜವಾಬ್ದಾರಿ ನನ್ನ ಮೇಲೆ ಬಿದ್ದು, ಪರ್ಸೀನ್ ಬೋಟಿನಲ್ಲಿ ಬಲೆ ಎಳೆಯುವ ಕೆಲಸ ಮಾಡುತ್ತಿದ್ದೇನೆ. ಅಗ್ನಿಶಾಮಕ ಇಲಾಖೆಗೆ ಸೇರಬೇಕೆಂಬ ಆಸೆ ಗಟ್ಟಿಯಾದದ್ದು 2024ರ ಮಳೆಗಾಲದಲ್ಲಿ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಅಂಗಡಿಯೂ ಗಂಗಾವಳಿಯ ಪಾಲಾದವು. ಮೂರು ವಾರ ಕಳೆದ ಮೇಲೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕನನ್ನು ಜೀವಸಹಿತ ಮೇಲೆತ್ತಿದ ಸುದ್ದಿ ಬೆಳಗ್ಗೆ ಬಂದರಿಗೆ ಬಂದಾಗ, ಇಂಥ ಕೆಲಸಕ್ಕೇ ನಾನು ಹೋಗಬೇಕು ಎಂದು ಅನ್ನಿಸಿತು. ಆ ಮಾತು ಈವರೆಗೂ ಮನಸ್ಸಿನಿಂದ ಹೋಗಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ದುರಸ್ತಿಯ ಕೆಲಸ ಬಿಟ್ಟರೆ ನನಗೆ ಸಿಗುವ ಬಿಡುವು ಇದೊಂದೇ. ತರಬೇತಿ ಕೇಂದ್ರಕ್ಕೆ ಸೇರುವಷ್ಟು ಹಣವಿಲ್ಲ. ಹತ್ತನೆಯ ತರಗತಿಯ ಪುಸ್ತಕಗಳು, ಒಂದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಮತ್ತು ಮೊಬೈಲ್ ಇವೆ. ಓದುವುದನ್ನು ಎಲ್ಲಿಂದ ಪ್ರಾರಂಭಿಸಬೇಕು, ದೇಹವನ್ನು ಹೇಗೆ ಪಳಗಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಅಗ್ನಿಶಾಮಕ · ಮೇ 24

ತಮ್ಮಾ, ನಿನ್ನ ಬರಹ ಓದಿ ಸಂತೋಷವಾಯಿತು. ಇಪ್ಪತ್ತೊಂಬತ್ತು ವರ್ಷ ಈ ಇಲಾಖೆಯ ಅನ್ನ ಉಂಡವನು ನಾನು. ಅದರಲ್ಲಿ ಹೆಚ್ಚಿನ ವರ್ಷ ಕರಾವಳಿಯ ಠಾಣೆಗಳಲ್ಲೇ ಕಳೆದವು.

ಎತ್ತರ, ಎದೆಯ ಸುತ್ತಳತೆ, ವಯಸ್ಸು, ಓಟದ ಸಮಯ ಇವುಗಳ ವಿಷಯದಲ್ಲಿ ಯಾರ ಬಾಯಿಮಾತನ್ನೂ, ನನ್ನದನ್ನೂ ಸೇರಿಸಿ, ನಂಬಬೇಡ. ಅಧಿಸೂಚನೆ ಬಂದ ದಿನ ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಅದರಲ್ಲಿರುವ ಅಳತೆಯನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊ. 2020ರಲ್ಲಿ ಠಾಣಾಧಿಕಾರಿ, ಅಗ್ನಿಶಾಮಕ, ಚಾಲಕ, ಚಾಲಕ ತಂತ್ರಜ್ಞ ಹೀಗೆ ಬೇರೆ ಬೇರೆ ಹುದ್ದೆಗಳಿಗೆ ಅರ್ಜಿ ಕರೆದಾಗ, ಯಾವ ಹುದ್ದೆಗೆ ಯಾವ ವಿದ್ಯಾರ್ಹತೆ ಎಂದು ಸರಿಯಾಗಿ ಓದದೆ ಅರ್ಜಿ ಹಾಕಿ ಮರಳಿ ಬಂದವರನ್ನು ನಾನು ಕಂಡಿದ್ದೇನೆ.

ಇನ್ನು ನೀನು ಕೇಳದೆ ಬಿಟ್ಟ ಒಂದು ವಿಷಯವನ್ನು ಹೇಳುತ್ತೇನೆ. ನಿನ್ನ ಬೋಟಿನ ಮೇಲೆ ಪ್ರತಿದಿನ ಹಗ್ಗ, ರಾಟೆ, ಪಂಪು, ಇಂಜಿನ್ ಇವೆ. ಅಗ್ನಿಶಾಮಕ ವಾಹನದಲ್ಲಿ ಇರುವುದೂ ಇವೇ. ಲಂಗರಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಬಿಗಿಯುತ್ತೀಯಲ್ಲ, ಅದರ ಹೆಸರು ಕ್ಲೋವ್ ಹಿಚ್. ಬೇರೆ ಬೇರೆ ದಪ್ಪದ ಎರಡು ಹಗ್ಗಗಳನ್ನು ಜೋಡಿಸುವುದಕ್ಕೆ ಶೀಟ್ ಬೆಂಡ್ ಎನ್ನುತ್ತಾರೆ. ಮನುಷ್ಯನ ಸೊಂಟಕ್ಕೆ ಕಟ್ಟುವುದು ಬೋಲೈನ್: ಹಗ್ಗದಲ್ಲಿ ಒಂದು ಸಣ್ಣ ಕುಣಿಕೆ ಮಾಡಿ, ತುದಿಯನ್ನು ಅದರ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗದ ಹಿಂದಿನಿಂದ ಸುತ್ತಿ ತಂದು, ಮತ್ತೆ ಅದೇ ಕುಣಿಕೆಯೊಳಗೆ ಇಳಿಸಿ ಎಳೆಯಬೇಕು. ಭಾರ ಬಿದ್ದರೆ ಈ ಗಂಟು ಜಾರುವುದಿಲ್ಲ, ಸೊಂಟವನ್ನು ಹಿಂಡುವುದೂ ಇಲ್ಲ, ಕೆಲಸ ಮುಗಿದ ಮೇಲೆ ಬೆರಳಿನಿಂದಲೇ ಬಿಚ್ಚಿಕೊಳ್ಳುತ್ತದೆ. ಕೈಗೆ ಬರುವ ಕೆಲಸಕ್ಕೆ ಪರೀಕ್ಷೆಯ ಹೆಸರನ್ನು ಕಲಿಯುವುದಷ್ಟೇ ನಿನಗೆ ಬಾಕಿ. ಪಟ್ಟಣದ ಹುಡುಗರು ಹೆಸರು ಕಲಿತು ಬಂದು ಗಂಟು ಹಾಕಲು ತಡವರಿಸುವುದನ್ನು ತರಬೇತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಶಿರಸಿಯಿಂದ ಎರಡನೆಯ ಪ್ರಯತ್ನ · ಮೇ 25

ನಾನು ಒಮ್ಮೆ ಈ ಪರೀಕ್ಷೆಯಲ್ಲಿ ಸೋತವನು. ಆ ಕಾರಣಕ್ಕೇ ಬರೆಯುತ್ತಿದ್ದೇನೆ. ನನ್ನ ತಪ್ಪುಗಳು ಮತ್ತೊಬ್ಬರಿಗೆ ಆಗಬಾರದು.

ಮೊದಲನೆಯದು ಓದಿನ ತಪ್ಪು. ಒಂದು ತರಬೇತಿ ಕೇಂದ್ರಕ್ಕೆ ಹಣ ಕಟ್ಟಿ ನಾಲ್ಕು ತಿಂಗಳು ಹೋದೆ. ಅಲ್ಲಿ ಕೊಟ್ಟ ಟಿಪ್ಪಣಿಯಲ್ಲಿ ‘ಸಿ ವರ್ಗದ ಬೆಂಕಿ ಎಂದರೆ ವಿದ್ಯುತ್ ಬೆಂಕಿ’ ಎಂದು ಬರೆದಿತ್ತು. ಬಾಯಿಪಾಠ ಮಾಡಿದೆ. ಅದು ಅಮೆರಿಕದ ವರ್ಗೀಕರಣ ಎಂದು ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. ಭಾರತೀಯ ಮಾನಕದಲ್ಲಿ ಎ ಎಂದರೆ ಕಟ್ಟಿಗೆ, ಬಟ್ಟೆ, ಹುಲ್ಲಿನಂಥ ಘನ ಪದಾರ್ಥ. ಬಿ ಎಂದರೆ ಪೆಟ್ರೋಲಿನಂಥ ದ್ರವ. ಸಿ ಎಂದರೆ ಅನಿಲ. ಡಿ ಎಂದರೆ ಮೆಗ್ನೀಸಿಯಂನಂಥ ಲೋಹ. ವಿದೇಶದ ವೀಡಿಯೊಗಳನ್ನು ನೋಡಿ ಕಲಿಯುವವರೆಲ್ಲ ಈ ಸಿ ಅಕ್ಷರದಲ್ಲಿ ಎಡವುತ್ತಾರೆ. ನಮ್ಮಲ್ಲಿ ವಿದ್ಯುತ್ತನ್ನು ಬೆಂಕಿಯ ಕಾರಣ ಎಂದು ನೋಡುತ್ತಾರೆಯೇ ಹೊರತು ಉರಿಯುವ ವಸ್ತು ಎಂದಲ್ಲ. ಹೆಸ್ಕಾಂನವರು ಲೈನ್ ಕಡಿತ ಮಾಡಿದ ಮೇಲೆ ಉಳಿಯುವುದು ಉರಿಯುತ್ತಿರುವ ಕಟ್ಟಿಗೆಯೋ ಎಣ್ಣೆಯೋ ಆಗಿರುತ್ತದೆ. ಹೀಗೆ ಕಾರಣ ತಿಳಿದಿದ್ದರೆ ಆ ಉತ್ತರ ತಪ್ಪುತ್ತಿರಲಿಲ್ಲ.

ಎರಡನೆಯದು ಓಟದ ತಪ್ಪು. ಅರ್ಜಿ ಹಾಕಿದ ಮೇಲೆ ಒಮ್ಮೆಲೇ ದಿನಕ್ಕೆ ಎಂಟು ಕಿಲೋಮೀಟರು ಓಡಲು ತೊಡಗಿದೆ, ಅದೂ ಡಾಂಬರು ರಸ್ತೆಯ ಇಳಿಜಾರಿನಲ್ಲಿ, ಸವೆದ ಬೂಟು ಹಾಕಿಕೊಂಡು. ಮೂರನೆಯ ವಾರಕ್ಕೆ ಮೊಣಕಾಲಿನ ಕೆಳಗೆ ಮುಂಭಾಗದ ಎಲುಬು ಮುಟ್ಟಿದರೆ ನೋಯತೊಡಗಿತು. ನೋವನ್ನು ಮುಚ್ಚಿಟ್ಟು ಓಡಿದೆ. ದೈಹಿಕ ಪರೀಕ್ಷೆಯ ದಿನ ಕೊನೆಯ ಸುತ್ತಿನಲ್ಲಿ ಕುಂಟುತ್ತಾ ಗೆರೆ ದಾಟಿದಾಗ ಸಮಯ ಮೀರಿತ್ತು. ಈಗ ವಾರಕ್ಕೆ ನಾಲ್ಕು ದಿನ ಮಾತ್ರ ಓಡುತ್ತೇನೆ. ಅದರಲ್ಲಿ ಒಂದು ದಿನ ಮಾರಿಕಾಂಬಾ ಕ್ರೀಡಾಂಗಣದಲ್ಲಿ 400 ಮೀಟರಿನ ಸುತ್ತುಗಳನ್ನು ವೇಗವಾಗಿ ಓಡಿ, ನಡುವೆ ಎರಡು ನಿಮಿಷ ನಡೆಯುತ್ತೇನೆ. ಉಳಿದ ಮೂರು ದಿನ ಮಾತನಾಡುತ್ತಾ ಓಡಬಹುದಾದಷ್ಟು ನಿಧಾನ. ವಾರದಿಂದ ವಾರಕ್ಕೆ ದೂರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಿದ್ದೇನೆ. ಕಾಲು ಈಗ ನೋಯುತ್ತಿಲ್ಲ.

ಹೊನ್ನಾವರ ಸ್ಪರ್ಧಾರ್ಥಿ · ಮೇ 25

ಎಲ್ಲರ ಮೇಲೂ ಗೌರವವಿಟ್ಟುಕೊಂಡೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಗಂಟು, ಪಂಪು ಇವೆಲ್ಲ ಆಯ್ಕೆಯಾದ ಮೇಲೆ ತರಬೇತಿಯಲ್ಲಿ ಕಲಿಸುವ ವಿದ್ಯೆ. ಪೊಲೀಸ್ ಇರಲಿ, ಅರಣ್ಯ ಇರಲಿ, ಅಗ್ನಿಶಾಮಕ ಇರಲಿ, ಲಿಖಿತ ಪರೀಕ್ಷೆಯನ್ನು ದಾಟಿಸುವುದು ಸಾಮಾನ್ಯ ಜ್ಞಾನ, ಹತ್ತನೆಯ ತರಗತಿಯವರೆಗಿನ ವಿಜ್ಞಾನ, ಸಮಾಜ ಮತ್ತು ಲೆಕ್ಕ. ನಮ್ಮ ಹುಡುಗನಿಗೆ ಇರುವುದು ಎರಡೇ ತಿಂಗಳು. ಅದನ್ನು ಹಗ್ಗ ಕಟ್ಟುವುದರಲ್ಲಿ ಕಳೆದರೆ ಶೇಕಡಾವಾರು, ಸರಾಸರಿ, ಕಾಲ ಮತ್ತು ಕೆಲಸ, ಸಂವಿಧಾನ, ಕರ್ನಾಟಕದ ಇತಿಹಾಸ ಇವುಗಳನ್ನು ಯಾವಾಗ ಓದುತ್ತಾನೆ? ಬೆಳಗ್ಗೆ ಎರಡು ಗಂಟೆ ಲೆಕ್ಕ, ಮಧ್ಯಾಹ್ನ ಪಠ್ಯಪುಸ್ತಕ, ರಾತ್ರಿ ಆ ದಿನದ ಪತ್ರಿಕೆ, ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಟುಕೊಂಡು ಬಿಡಿಸುವುದು: ಇಷ್ಟನ್ನು ತಪ್ಪದೆ ಮಾಡಿದರೆ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಾದರೆ, ಗೊತ್ತಿಲ್ಲದ್ದನ್ನು ಊಹಿಸಿ ಗುರುತು ಹಾಕದೆ ಬಿಡುವ ಅಭ್ಯಾಸವನ್ನೂ ಈಗಿನಿಂದಲೇ ಮಾಡಿಕೊಳ್ಳಬೇಕು.

ಕುಮಟಾದ ಅಕ್ಕೋರು · ಮೇ 26

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೊನ್ನಾವರದವರು ಹೇಳಿದ ವೇಳಾಪಟ್ಟಿ ಸರಿಯಾಗಿದೆ, ಅದನ್ನು ಬಿಡಬೇಡಿ. ಆದರೆ ಹತ್ತನೆಯ ತರಗತಿಯ ವಿಜ್ಞಾನ ಬೇರೆ, ಬೆಂಕಿಯ ವಿಜ್ಞಾನ ಬೇರೆ ಎಂದು ಯಾರೂ ಭಾವಿಸಬಾರದು. ಎರಡನ್ನೂ ಒಂದೇ ಓದಿನಲ್ಲಿ ಮುಗಿಸಬಹುದು.

ಗುಪ್ತೋಷ್ಣವನ್ನು ತೆಗೆದುಕೊಳ್ಳಿ. ನಮ್ಮ ಕರಾವಳಿಯ ಬಾವಿಯ ನೀರು ಬೇಸಿಗೆಯಲ್ಲಿ ಹೆಚ್ಚುಕಡಿಮೆ 30 ಡಿಗ್ರಿ ಇರುತ್ತದೆ ಎಂದುಕೊಳ್ಳೋಣ. ಒಂದು ಲೀಟರ್ ನೀರನ್ನು ಅಲ್ಲಿಂದ ಕುದಿಯುವ ಬಿಂದುವಿಗೆ ತರಲು 70 ಕಿಲೋಕ್ಯಾಲರಿ ಶಾಖ ಸಾಕು. ಅದೇ ಲೀಟರು ಕುದಿಯುವ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ಬೇಕು. ಅಂದರೆ ನೀರು ಬೆಂಕಿಯಿಂದ ಕಸಿದುಕೊಳ್ಳುವ ಶಾಖದ ಬಹುಪಾಲು, ಅದು ಆವಿಯಾಗುವಾಗ ಕಸಿದುಕೊಳ್ಳುವಂಥದ್ದು. ಹರಿದು ನೆಲಕ್ಕೆ ಹೋದ ನೀರು ಆ ಕೆಲಸ ಮಾಡಲಿಲ್ಲ. ಅಗ್ನಿಶಾಮಕರು ಧಾರೆಯನ್ನು ಸಣ್ಣ ಹನಿಗಳಾಗಿ ಸಿಂಪಡಿಸುವುದು ಯಾಕೆಂದು ಕೇಳಿದರೆ, ಹನಿ ಸಣ್ಣದಾದಷ್ಟೂ ಬೇಗ ಆವಿಯಾಗುತ್ತದೆ ಎಂದು ನೀವೇ ಉತ್ತರ ಕೊಡಬಲ್ಲಿರಿ. ಒಂದು ಲೀಟರ್ ನೀರು ಸುಮಾರು 1700 ಲೀಟರ್ ಆವಿಯಾಗಿ ಹಿಗ್ಗುತ್ತದೆ ಎಂಬುದನ್ನು ಇದರ ಪಕ್ಕದಲ್ಲೇ ಬರೆದುಕೊಳ್ಳಿ. ಬಾಣಲೆಯಲ್ಲಿ ಹಪ್ಪಳ ಕರಿಯುವಾಗ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಎನ್ನುವುದಕ್ಕೂ ಇದೇ ಕಾರಣ. ಎಣ್ಣೆಗಿಂತ ಭಾರವಾದ ನೀರು ತಳಕ್ಕೆ ಇಳಿದು, ಅಲ್ಲಿ ಕ್ಷಣದಲ್ಲಿ ಆವಿಯಾಗಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಅಡುಗೆಮನೆಯ ತುಂಬ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಅದನ್ನು ಹಾಗೆಯೇ ಬಿಡಬೇಕು.

ಅನಿಲದ ಸಾಂದ್ರತೆಯ ಪಾಠವನ್ನು ನಮ್ಮ ತಾಲೂಕಿನವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. 2015ರಲ್ಲಿ ಬರ್ಗಿಯಲ್ಲಿ ಹೆದ್ದಾರಿಯ ಮೇಲೆ ಅನಿಲದ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಜನರು ಪ್ರಾಣ ಕಳೆದುಕೊಂಡರು. ಆ ವರ್ಷ ತರಗತಿಯಲ್ಲಿ ಈ ಪಾಠ ಮಾಡುವಾಗ ನನ್ನ ಗಂಟಲು ಕಟ್ಟಿತ್ತು. ಅಡುಗೆ ಅನಿಲ ಗಾಳಿಗಿಂತ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ, ನೀರಿನಂತೆ ತಗ್ಗನ್ನು ಹುಡುಕಿಕೊಂಡು ಚರಂಡಿಯಲ್ಲಿ, ಅಂಗಳದಲ್ಲಿ, ಹೊಸ್ತಿಲ ಒಳಗೆ ಹರಿಯುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ; ಸೋರಿಕೆ ಗೊತ್ತಾಗಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಇಂಥ ಸ್ಥಳಕ್ಕೆ ಗಾಳಿ ಬೀಸುವ ದಿಕ್ಕಿನಿಂದ, ಎತ್ತರದ ಕಡೆಯಿಂದ ಹೋಗಬೇಕು; ಸ್ವಿಚ್ ಮುಟ್ಟಬಾರದು, ವಾಹನ ಚಾಲೂ ಮಾಡಬಾರದು. ಶಿರೂರಿನಲ್ಲೂ ಅನಿಲದ ಟ್ಯಾಂಕರ್ ಒಂದು ನದಿಗೆ ಕೊಚ್ಚಿಹೋಗಿತ್ತು ಎಂಬುದನ್ನು ನೀವು ಬಲ್ಲಿರಿ.

ನಿವೃತ್ತ ಅಗ್ನಿಶಾಮಕ · ಮೇ 27

ಅಕ್ಕೋರ ಬರಹವನ್ನು ನಾನು ಎರಡು ಸಲ ಓದಿದೆ. ಹೊನ್ನಾವರದ ತಮ್ಮನಿಗೂ ಉತ್ತರಿಸಬೇಕು. ಲೆಕ್ಕವನ್ನು ಮೊದಲು ಕಲಿಯಬೇಕೆಂಬುದು ಒಪ್ಪಿಗೆ. ಹಾಗಾದರೆ ಒಂದು ಲೆಕ್ಕವನ್ನೇ ಕೊಡುತ್ತೇನೆ.

ಸಿದ್ದಾಪುರದ ಕಡೆ ಒಂದು ಮನೆಯ ಕೊಟ್ಟಿಗೆಯ ಪಕ್ಕ ಹುಲ್ಲಿನ ಗೊಣಬೆಗೆ ಬೆಂಕಿ ಬಿದ್ದಿದೆ. ವಾಹನ ನಿಲ್ಲುವ ರಸ್ತೆಯಿಂದ ಮನೆಗೆ 170 ಮೀಟರ್, ಮನೆ ರಸ್ತೆಗಿಂತ 20 ಮೀಟರ್ ಎತ್ತರದಲ್ಲಿದೆ. ವಾಹನದಲ್ಲಿ 4500 ಲೀಟರ್ ನೀರಿದೆ. ಹೋಸ್ ಪೈಪಿನ ಒಳವ್ಯಾಸ 63 ಮಿಲಿಮೀಟರ್, ಒಂದರ ಉದ್ದ 30 ಮೀಟರ್. ಎಷ್ಟು ಹೋಸ್ ಬೇಕು? ಆರು. ಒಂದು ಹೋಸ್ ತುಂಬಲು ಎಷ್ಟು ನೀರು? ವೃತ್ತದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸಿದರೆ ಸುಮಾರು 93 ಲೀಟರ್ ಬರುತ್ತದೆ. ಆರಕ್ಕೆ 560 ಲೀಟರಿನ ಹತ್ತಿರ. ಬೆಂಕಿಯ ಮೇಲೆ ಒಂದು ಹನಿ ಬೀಳುವ ಮೊದಲೇ ಅಷ್ಟು ನೀರು ಪೈಪಿನೊಳಗೆ ನಿಂತಿರುತ್ತದೆ. ತುಂಬಿದ ಒಂದೊಂದು ಹೋಸ್ ಒಬ್ಬ ದಪ್ಪನೆಯ ಮನುಷ್ಯನಷ್ಟು ಭಾರವಾಗುವುದರಿಂದ, ಹಾಸುವುದನ್ನೆಲ್ಲ ಖಾಲಿಯಿದ್ದಾಗಲೇ ಮುಗಿಸಬೇಕು. 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಕಳೆಯುತ್ತದೆ, ಹಾಗಾಗಿ ಪಂಪಿನ ಬಳಿ ಇರುವ ಒತ್ತಡದಲ್ಲಿ ಎರಡು ಬಾರ್ ಮನೆಯನ್ನು ಮುಟ್ಟುವ ಮೊದಲೇ ಹೋಯಿತು. ಪೈಪಿನ ಘರ್ಷಣೆಗೆ ಹೋಗುವುದು ಬೇರೆ. ಉಳಿದ ನೀರನ್ನು ನಿಮಿಷಕ್ಕೆ 450 ಲೀಟರಿನಂತೆ ಬಿಟ್ಟರೆ ಒಂಬತ್ತು ನಿಮಿಷವೂ ಬರುವುದಿಲ್ಲ. ವಿಸ್ತೀರ್ಣ, ಗಾತ್ರ, ಒತ್ತಡ, ಕಾಲ ಮತ್ತು ಕೆಲಸ ಎಲ್ಲವೂ ಈ ಒಂದು ಲೆಕ್ಕದಲ್ಲಿ ಬಂದವು.

ಆ ಒಂಬತ್ತು ನಿಮಿಷದೊಳಗೆ ಹತ್ತಿರದ ಕೆರೆಯಿಂದಲೋ ಹೊಳೆಯಿಂದಲೋ ನೀರು ಎತ್ತಬೇಕಾಗುತ್ತದೆ. ಇಲ್ಲಿ ಒಂದು ಪ್ರಶ್ನೆಯನ್ನು ನಾನು ಹೊಸಬರಿಗೆಲ್ಲ ಕೇಳುತ್ತಿದ್ದೆ. ಪಂಪು ನೀರನ್ನು ಎಳೆಯುತ್ತದೆಯೇ? ಎಲ್ಲರೂ ಹೌದು ಎನ್ನುತ್ತಿದ್ದರು. ಪಂಪು ಎಳೆಯುವುದಿಲ್ಲ. ಅದು ಹೀರುಕೊಳವೆಯೊಳಗಿನ ಗಾಳಿಯನ್ನು ಹೊರಹಾಕುತ್ತದೆ. ಹೊರಗಿನ ವಾತಾವರಣದ ಒತ್ತಡ ನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಇರುವ ಶಕ್ತಿ ಲೆಕ್ಕದಲ್ಲಿ 10.3 ಮೀಟರ್. ಸೋರಿಕೆ, ಘರ್ಷಣೆ ಎಲ್ಲ ಕಳೆದು ಕೆಲಸಕ್ಕೆ ಸಿಗುವುದು ಏಳು ಮೀಟರಿನ ಆಸುಪಾಸು. ಪಂಪಿಗೆ ಎಷ್ಟೇ ಅಶ್ವಶಕ್ತಿ ಇರಲಿ, ನೀರು ಅದಕ್ಕಿಂತ ಕೆಳಗಿದ್ದರೆ ಮೇಲೆ ಬರದು. ಬೈತಕೋಲದ ತಮ್ಮಾ, ಧಕ್ಕೆಯ ಅಂಚಿನಿಂದ ನೀರಿನ ಮಟ್ಟ ಭರತದಲ್ಲಿ ಎಷ್ಟು, ಇಳಿತದಲ್ಲಿ ಎಷ್ಟು ಎಂದು ಅಳೆದು ಇಲ್ಲಿ ಬರೆ.

ಶಿರಸಿಯಿಂದ ಎರಡನೆಯ ಪ್ರಯತ್ನ · ಮೇ 27

ಸರ್, ನಿಮ್ಮ ಮಾತು ಓದಿದ ಕೂಡಲೇ ಹಗ್ಗ ಹಿಡಿದು ಬಾವಿಗೆ ಹೋದೆ. ನಮ್ಮ ಮನೆಯ ಬಾವಿಯಲ್ಲಿ ಈಗ ನೀರು ಕಟ್ಟೆಯಿಂದ 11 ಮೀಟರ್ ಕೆಳಗಿದೆ. ಅಂದರೆ ನಮ್ಮ ಅಡಿಕೆ ಅಟ್ಟಕ್ಕೆ ಬೆಂಕಿ ಬಿದ್ದರೆ ಬಾವಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ವಾಹನದ ಪಂಪಿಗೆ ಅದು ಸಿಗುವುದಿಲ್ಲ. ಬಾವಿಯೊಳಗೆ ಇಳಿಸಿದ ಮೋಟಾರು ಮಾತ್ರ ನೀರನ್ನು ಮೇಲಕ್ಕೆ ದೂಡಬಲ್ಲದು. ತೋಟದ ಕೆಳಗಿನ ಹಳ್ಳದ ಗುಂಡಿಯಾದರೆ ಮೂರು ಮೀಟರು. ಇಷ್ಟು ವರ್ಷ ಈ ಮನೆಯಲ್ಲಿದ್ದು ಇದನ್ನು ಯೋಚಿಸಿರಲಿಲ್ಲ.

ಹೊನ್ನಾವರ ಸ್ಪರ್ಧಾರ್ಥಿ · ಮೇ 28

ಹಿರಿಯರ ಲೆಕ್ಕವನ್ನು ನಾನೂ ಬಿಡಿಸಿದೆ. ಹೋಸಿನ ಗಾತ್ರ ತೆಗೆಯುವಾಗ ವ್ಯಾಸವನ್ನು ತ್ರಿಜ್ಯವೆಂದು ತಿಳಿದು ನಾಲ್ಕು ಪಟ್ಟು ತಪ್ಪು ಉತ್ತರ ಬಂತು. ನನ್ನ ಹಿಂದಿನ ಮಾತನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತೇನೆ. ಆದರೂ ಸಾಮಾನ್ಯ ಜ್ಞಾನವನ್ನು ಮರೆಯಬೇಡಿ ಎಂಬುದರಲ್ಲಿ ಬದಲಾವಣೆಯಿಲ್ಲ. ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ ಏಕೆ, ರಾಜ್ಯದ ಅಗ್ನಿಶಾಮಕ ಅಧಿನಿಯಮ ಯಾವ ವರ್ಷದ್ದು ಎಂಬಂಥ ಪ್ರಶ್ನೆಗಳನ್ನು ಸಿದ್ಧಮಾಡಿಕೊಳ್ಳಿ. ಎರಡನೆಯದಕ್ಕೆ ಉತ್ತರ 1964.

ನಿವೃತ್ತ ಅಗ್ನಿಶಾಮಕ · ಮೇ 28

ಮೊದಲನೆಯದಕ್ಕೆ ಉತ್ತರವನ್ನು ನಾನು ಬರೆಯುತ್ತೇನೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಧಕ್ಕೆಯಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಹತ್ತಿಯ ಮೂಟೆಗಳನ್ನೂ ಯುದ್ಧದ ಸ್ಫೋಟಕಗಳನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಹತ್ತಿಗೆ ಹತ್ತಿದ ಬೆಂಕಿಯನ್ನು ಆರಿಸಲು ಅಗ್ನಿಶಾಮಕರು ಹಡಗಿನ ಮೇಲೆ, ಧಕ್ಕೆಯ ಮೇಲೆ ನಿಂತು ನೀರು ಬಿಡುತ್ತಿದ್ದಾಗಲೇ ಸ್ಫೋಟವಾಯಿತು. ಸತ್ತ ನೂರಾರು ಜನರಲ್ಲಿ ಹತ್ತಾರು ಅಗ್ನಿಶಾಮಕರಿದ್ದರು. ಪ್ರತಿವರ್ಷ ಆ ದಿನ ಠಾಣೆಯಲ್ಲಿ ಸಾಲಾಗಿ ನಿಂತು ಮೌನ ಆಚರಿಸುತ್ತಿದ್ದೆವು. ತಾರೀಕನ್ನು ಓದುವಾಗ ಆ ಜನರನ್ನೂ ನೆನೆಯಬೇಕೆಂದು ನನ್ನ ಕೋರಿಕೆ.

ಯಲ್ಲಾಪುರದಿಂದ · ಮೇ 30

ನಾನು ವಿಜ್ಞಾನ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಬಹುದೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ನಾಗಪುರದಲ್ಲಿ ಕೇಂದ್ರ ಸರಕಾರದ ಕಾಲೇಜು ಇದೆಯೆಂದು ಕೇಳಿದ್ದೇನೆ.

ಕುಮಟಾದ ಅಕ್ಕೋರು · ಮೇ 30

ಇದೆ, ಮಗಾ. ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಲ್ಲಿ ಪ್ರಾರಂಭವಾದದ್ದು. ಅಲ್ಲಿಗೆ 2002ರಲ್ಲಿ ಸೇರಿದ ಹರ್ಷಿಣಿ ಕಾನ್ಹೇಕರ್ ದೇಶದ ಮೊದಲ ಮಹಿಳಾ ಅಗ್ನಿಶಾಮಕರೆಂದು ಹೆಸರಾದವರು. ಮನೆಯವರಿಗೆ ಅವರ ವಿಷಯ ತಿಳಿಸು. ಪ್ರವೇಶದ ಪ್ರಕಟಣೆಯನ್ನು ಕಾಲೇಜಿನ ಜಾಲತಾಣದಲ್ಲೇ ನೋಡು.

ಬೈತಕೋಲದ ಹುಡುಗ · ಜೂನ್ 9

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಧಕ್ಕೆಯ ಅಂಚಿನಿಂದ ಅಳೆದೆ. ಬಲೆಯ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ, ಅರ್ಧ ಅರ್ಧ ಮೀಟರಿಗೆ ಬಣ್ಣದ ದಾರ ಸುತ್ತಿ ಇಳಿಬಿಟ್ಟೆ. ನಮ್ಮ ಬೋಟು ಕಟ್ಟುವ ಜಾಗದಲ್ಲಿ ಭರತದಲ್ಲಿ ಒಂದೂವರೆ ಮೀಟರ್, ಇಳಿತದಲ್ಲಿ ಮೂರು ಮೀಟರಿಗೆ ಸ್ವಲ್ಪ ಹೆಚ್ಚು. ಎರಡೂ ಹೊತ್ತು ಪಂಪಿಗೆ ನೀರು ಸಿಗುತ್ತದೆ ಎಂದಾಯಿತು. ಉಪ್ಪುನೀರಿನಿಂದ ಪಂಪು ಹಾಳಾಗುವುದಿಲ್ಲವೇ?

ಓಟವನ್ನು ಟಾಗೋರ್ ಕಡಲತೀರದಲ್ಲಿ ಮಾಡುತ್ತಿದ್ದೇನೆ. ಬಲೆ ಎಳೆದು ತೋಳಿಗೆ, ಬೆನ್ನಿಗೆ ಶಕ್ತಿ ಬಂದಿದೆ. ಆದರೆ ಬೋಟಿನ ಮೇಲೆ ನಿಂತೇ ಕೆಲಸ ಮಾಡುವ ನಮಗೆ ಓಡಿ ರೂಢಿಯಿಲ್ಲ, ಎರಡನೆಯ ಸುತ್ತಿಗೇ ಉಸಿರು ಕಟ್ಟುತ್ತದೆ. ಇನ್ನೊಂದು ಪ್ರಶ್ನೆ. ಹಳೆಯ ಪತ್ರಿಕೆಯೊಂದರಲ್ಲಿ ‘ಪಾಳುಬಾವಿಗೆ ಇಳಿಯುವ ಮೊದಲು ಉರಿಯುವ ದೀಪವನ್ನು ಇಳಿಸುವುದು ಏಕೆ’ ಎಂದು ಕೇಳಿದ್ದಾರೆ. ಆಮ್ಲಜನಕ ಇದೆಯೇ ಎಂದು ತಿಳಿಯಲು ಎಂಬ ಉತ್ತರ ಸರಿಯಲ್ಲವೇ?

ನಿವೃತ್ತ ಅಗ್ನಿಶಾಮಕ · ಜೂನ್ 10

ಉಪ್ಪುನೀರು ಬಳಸಬಹುದು, ಬಳಸಿದ ಮೇಲೆ ಪಂಪು, ಹೋಸ್, ಕೊಳವೆ ಎಲ್ಲವನ್ನೂ ಸಿಹಿನೀರಿನಿಂದ ತೊಳೆಯಬೇಕು. ನಿಮ್ಮ ಬೋಟಿನ ಇಂಜಿನ್ನಿಗೆ ಮಾಡುವ ಉಪಚಾರವೇ.

ಕಡಲತೀರದಲ್ಲಿ ಓಡುವುದಾದರೆ ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಓಡು. ದಂಡೆ ಕಡಲಿನ ಕಡೆಗೆ ವಾಲಿರುತ್ತದೆ, ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲಿಗೆ ಹೆಚ್ಚು ಪೆಟ್ಟು. ಹೋದಷ್ಟೇ ದೂರ ಮರಳಿ ಓಡಿ ಬಾ. ವಾರಕ್ಕೆ ಒಮ್ಮೆಯಾದರೂ ಮೈದಾನದಲ್ಲಿ ಓಡು, ಏಕೆಂದರೆ ಪರೀಕ್ಷೆ ನಡೆಯುವುದು ಮೈದಾನದಲ್ಲಿ.

ಬಾವಿಯ ಪ್ರಶ್ನೆಗೆ ನೀನು ಬರೆದ ಉತ್ತರಕ್ಕೆ ಅಂಕ ಸಿಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡ. ನಮ್ಮ ಜಿಲ್ಲೆಯ ಠಾಣೆಗಳಿಗೆ ಬಾವಿಯ ಕರೆಗಳು ಬರುತ್ತಲೇ ಇರುತ್ತವೆ. ಕರುವೋ ಬೆಕ್ಕೋ ಬಿದ್ದದ್ದು, ಹೆಚ್ಚಿನವು. ಕೆಲವು ಹಾಗಲ್ಲ.

ನನ್ನ ಸೇವೆಯ ಪ್ರಾರಂಭದ ವರ್ಷಗಳಲ್ಲಿ ಒಂದು ಹಳ್ಳಿಯಲ್ಲಿ ಬಾವಿಯ ಹೂಳೆತ್ತಲು ಡೀಸೆಲ್ ಪಂಪನ್ನು ಬಾವಿಯೊಳಗಿನ ಮೆಟ್ಟಿಲ ಮೇಲೇ ಇಟ್ಟು ಓಡಿಸಿದ್ದರು. ನೀರು ಖಾಲಿಯಾದ ಮೇಲೆ ಒಬ್ಬರು ಇಳಿದರು, ಅರ್ಧದಲ್ಲೇ ಕುಸಿದರು. ಅವರನ್ನು ಎತ್ತಲು ಅಳಿಯ ಇಳಿದ. ನಾವು ಮುಟ್ಟಿದಾಗ ಮೂರನೆಯವನು ಹಗ್ಗ ಹಿಡಿದು ಕಟ್ಟೆಯ ಮೇಲೆ ನಿಂತಿದ್ದ. ನಮ್ಮ ಠಾಣಾಧಿಕಾರಿಗಳು ಓಡಿ ಹೋಗಿ ಅವನ ಅಂಗಿಯನ್ನು ಹಿಡಿದು ಹಿಂದಕ್ಕೆ ಎಳೆದರು. ಅವನು ಅವರಿಗೆ ಹೊಡೆದ. ಅವನ ದುಃಖವನ್ನು ಯಾರೂ ತಪ್ಪೆನ್ನಲಾರರು. ಕೆಳಗಿದ್ದ ಇಬ್ಬರೂ ಬದುಕಲಿಲ್ಲ. ಕಟ್ಟೆಯ ಬಳಿ ಒಂದು ಲಾಂದ್ರ ಇನ್ನೂ ಉರಿಯುತ್ತಿತ್ತು; ಅದನ್ನು ಮೊದಲೇ ಇಳಿಸಿ ನೋಡಿದ್ದರಂತೆ, ಆರಿರಲಿಲ್ಲವಂತೆ.

ಕಾರಣ ಕೇಳು. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟಿದೆ. ಅದು ಸುಮಾರು 16ಕ್ಕೆ ಇಳಿದಾಗ ದೀಪ ಆರುತ್ತದೆ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ದೀಪವನ್ನು ಆರಿಸುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ದೀಪ ಉರಿಯುತ್ತಿದೆ ಎಂದರೆ ವಿಷ ಇಲ್ಲವೆಂದು ಅರ್ಥವಲ್ಲ. ಒಳಗೆ ಉರಿಯುವ ಅನಿಲವಿದ್ದರೆ ದೀಪವೇ ಬೆಂಕಿ ಹಚ್ಚುತ್ತದೆ. ಹಾಗಾಗಿ ಅಗ್ನಿಶಾಮಕರು ಉಸಿರಾಟದ ಸಿಲಿಂಡರು ಹೊತ್ತು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಆ ಹಗ್ಗ ಹಿಡಿಯಲು ಜನರನ್ನು ನಿಲ್ಲಿಸಿಯೇ ಇಳಿಯಬೇಕು. ಪರೀಕ್ಷೆಯಲ್ಲಿ ‘ಆಮ್ಲಜನಕ’ ಎಂದು ಗುರುತು ಹಾಕು. ಮನೆಗೆ ಬಂದು ನಿನ್ನ ಓಣಿಯವರಿಗೆ ಉಳಿದದ್ದನ್ನು ಹೇಳು.

ಹೊನ್ನಾವರ ಸ್ಪರ್ಧಾರ್ಥಿ · ಜೂನ್ 10

ನಮ್ಮ ಊರಿನಲ್ಲಿ ಈಗಲೂ ಪಂಪನ್ನು ಬಾವಿಯೊಳಗೆ ಇಳಿಸಿಯೇ ಓಡಿಸುತ್ತಾರೆ. ಇದನ್ನು ಇಂದು ಸಂಜೆಯೇ ಅಪ್ಪನಿಗೆ ಓದಿ ಹೇಳುತ್ತೇನೆ.

ಬೈತಕೋಲದ ಹುಡುಗ · ಜುಲೈ 26

ನಿಷೇಧ ಮುಗಿಯಲು ಇನ್ನು ಐದು ದಿನ. ಬೋಟಿಗೆ ಬಣ್ಣ ಹೊಡೆದಾಯಿತು, ಮಂಜುಗಡ್ಡೆ ಬರುವುದಷ್ಟೇ ಬಾಕಿ. ಹಳೆಯ ಪತ್ರಿಕೆಗಳಲ್ಲಿ ಒಂಬತ್ತನ್ನು ಬಿಡಿಸಿದ್ದೇನೆ. ಮೊದಲನೆಯದರಲ್ಲಿ ನೂರಕ್ಕೆ 41 ಬಂದಿತ್ತು, ಒಂಬತ್ತನೆಯದರಲ್ಲಿ 68. ಇತಿಹಾಸದಲ್ಲಿ ಈಗಲೂ ಹಿಂದಿದ್ದೇನೆ. ಹೊನ್ನಾವರದ ಅಣ್ಣ ಕಳಿಸಿದ ಟಿಪ್ಪಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೋಟಿಗೆ ಒಯ್ಯುತ್ತೇನೆ. ಬಲೆ ಬಿಟ್ಟು ಕಾಯುವ ಹೊತ್ತಿನಲ್ಲಿ ಓದಲು ಸಾಧ್ಯ.

ಬೋಲೈನ್ ಗಂಟನ್ನು ಕಣ್ಣು ಮುಚ್ಚಿ ಬಲಗೈ ಒಂದರಿಂದಲೇ ಸೊಂಟಕ್ಕೆ ಕಟ್ಟಿಕೊಳ್ಳಲು ಬರುತ್ತಿದೆ. ಎಡಗೈಯಿಂದ ಹತ್ತರಲ್ಲಿ ಆರು ಸಲ ಸರಿಯಾಗುತ್ತದೆ. ನಾನು ಅಭ್ಯಾಸ ಮಾಡುವುದನ್ನು ನೋಡಿ ಅಪ್ಪನೂ ಕುಳಿತಲ್ಲಿಂದಲೇ ಹಗ್ಗ ತೆಗೆದುಕೊಂಡರು. ಅವರಿಗೆ ಹೆಸರು ಗೊತ್ತಿರಲಿಲ್ಲ, ಗಂಟು ನನಗಿಂತ ಚೆನ್ನಾಗಿ ಬರುತ್ತದೆ.

ಶಿರಸಿಯ ಅಣ್ಣ ಈ ಭಾನುವಾರ ಕಾರವಾರಕ್ಕೆ ಬರುತ್ತೇನೆಂದಿದ್ದಾರೆ. ಬೆಳಗ್ಗೆ ಐದೂವರೆಗೆ ಮಾಲಾದೇವಿ ಮೈದಾನದಲ್ಲಿ ಇಬ್ಬರೂ ಓಡುತ್ತೇವೆ. ಸಮಯ ನೋಡಲು ಒಬ್ಬರು ಬೇಕು. ಹಿರಿಯರೇ, ಮಳೆ ಇಲ್ಲದಿದ್ದರೆ ತಾವು ಬರಬಹುದೇ?

ನಿವೃತ್ತ ಅಗ್ನಿಶಾಮಕ · ಜುಲೈ 26

ಮಳೆ ಇದ್ದರೂ ಬರುತ್ತೇನೆ. 15 ಮೀಟರಿನ ಹಳೆಯ ಹಗ್ಗವೊಂದು ಮನೆಯಲ್ಲಿದೆ, ಅದನ್ನೂ ತರುತ್ತೇನೆ. ಎಡಗೈ ಗಂಟನ್ನು ಅಲ್ಲೇ ನೋಡೋಣ.